ಬೈಕಿನ ಹಿಂದಿನ ಶಾಕಪ್ ಸೋರುತ್ತಿದೆಯಾ? ದುಡ್ಡು ಬಿಚ್ಚುವ ಮುಂಚೆ ಮನೆಯಲ್ಲೇ ನೋಡಿಕೊಳ್ಳಿ

ಒಂದು ಮಳೆಗಾಲ ಮುಗಿದ ಮೇಲೆ ಬೈಕ್ ತೊಳೆಯಲು ಕೂತಿದ್ದೆ. ಎಡಗಡೆ ಶಾಕಪ್‌ನ ಕೆಳಭಾಗ ಕಪ್ಪಗೆ ಜಿಡ್ಡುಜಿಡ್ಡಾಗಿತ್ತು. ಮೆಕ್ಯಾನಿಕ್ ಬಗ್ಗಿ ನೋಡಿ, "ಶಾಕಪ್ ಹೋಗಿದೆ ಸಾರ್, ಜೋಡಿ ಹಾಕಿಬಿಡಿ" ಅಂದರು. ಹಾಕಿಸಿದೆ. ಹದಿನೈದು ದಿನಕ್ಕೆ ಹೊಸ ಶಾಕಪ್ ಕೂಡ ಅದೇ ಜಾಗದಲ್ಲಿ ಅಷ್ಟೇ ಕಪ್ಪಗಾಯಿತು. ಆಮೇಲೆ ಬುದ್ಧಿ ಬಂತು. ಅದು ಚೈನಿಗೆ ನಾನೇ ಧಾರಾಳವಾಗಿ ಸುರಿಯುತ್ತಿದ್ದ 90 ನಂಬರ್ ಗೇರ್ ಆಯಿಲ್. ಚೈನ್ ತಿರುಗುವಾಗ ಸಿಡಿದು ಶಾಕಪ್ ಮೇಲೆ ಕೂರುತ್ತಿತ್ತು. ತೆಗೆದ ಹಳೆಯ ಜೋಡಿ ಇನ್ನೂ ಅಟ್ಟದ ಮೇಲೆ ಗಟ್ಟಿಮುಟ್ಟಾಗಿದೆ.

ಒದ್ದೆ ಕಂಡ ತಕ್ಷಣ ಸೋರಿಕೆ ಅನ್ನಬೇಡಿ. ಒಣಗಿದೆ ಅಂತ ಚೆನ್ನಾಗಿದೆ ಅಂತಲೂ ಅನ್ನಬೇಡಿ. ಎರಡೂ ಕಡೆ ಮೋಸ ಹೋಗಬಹುದು. ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ. ಸ್ಪ್ಯಾನರ್ ಹಿಡಿಯುವುದು ಕೊನೆಗೆ.

ಎಣ್ಣೆಗೆ ಅಲ್ಲಿ ಏನು ಕೆಲಸ?

ಶಾಕಪ್‌ನಲ್ಲಿ ಹೊರಗೆ ಕಾಣುವುದು ಸ್ಪ್ರಿಂಗ್. ಬೈಕಿನ ಭಾರ, ನಿಮ್ಮ ಭಾರ ಎಲ್ಲ ಹೊರುವುದು ಅದೇ. ಅದರ ನಡುವೆ ಒಂದು ಕೊಳವೆ ಇದೆ. ಅದರೊಳಗೆ ಎಣ್ಣೆ, ಸಣ್ಣ ತೂತುಗಳಿರುವ ಪಿಸ್ಟನ್, ಪಿಸ್ಟನ್‌ಗೆ ಸೇರಿದ ಹೊಳೆಯುವ ರಾಡ್. ಈ ಕೊಳವೆಗೆ ಡ್ಯಾಂಪರ್ ಅನ್ನುತ್ತಾರೆ. ಬ್ಯಾಂಕಿನ ಬಾಗಿಲ ಮೇಲೆ ಡೋರ್ ಕ್ಲೋಸರ್ ಇರುತ್ತಲ್ಲ, ಹೆಚ್ಚುಕಮ್ಮಿ ಅದೇ ತರ. ಅದರ ಎಣ್ಣೆ ಸೋರಿಹೋದರೆ ಬಾಗಿಲು ಧಡಾರ್ ಅಂತ ಬಡಿಯುತ್ತದೆ. ಶಾಕಪ್‌ನ ಎಣ್ಣೆ ಹೋದರೆ ಒತ್ತಿದ ಸ್ಪ್ರಿಂಗನ್ನು ತಡೆಯುವವರಿಲ್ಲ, ಅದು ಚೆಂಡಿನಂತೆ ಪುಟಿಯುತ್ತದೆ.

ಹಾಗಾಗಿ ಎಣ್ಣೆ ಪೂರ್ತಿ ಖಾಲಿಯಾದರೂ ಬೈಕ್ ಕುಸಿಯುವುದಿಲ್ಲ. ನಿಂತಲ್ಲಿ ಎತ್ತರ ಹಾಗೇ ಇರುತ್ತದೆ. ತುಂಬ ಜನ ಮೋಸ ಹೋಗುವುದು ಇಲ್ಲೇ.

ಕೈ ಹಾಕುವ ಮುಂಚೆ

ಸೈಲೆನ್ಸರ್ ತಣ್ಣಗಾಗಲಿ. ಸಮನಾದ ಗಟ್ಟಿ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಶಾಕಪ್ ಬೋಲ್ಟ್ ಸಡಿಲಿಸಲೇಬೇಡಿ. ಇನ್ನೊಂದು ಮಾತು: ಪಲ್ಸರ್‌ನ ನೈಟ್ರಾಕ್ಸ್ ತರಹದ ಗ್ಯಾಸ್ ಶಾಕಪ್‌ಗಳಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ. ಪಕ್ಕದಲ್ಲಿ ಸಣ್ಣ ಡಬ್ಬಿ ಅಂಟಿಕೊಂಡಿದ್ದರೆ ಅದು ಬಹುತೇಕ ಗ್ಯಾಸ್ ಶಾಕಪ್. ಡಬ್ಬಿ ಇಲ್ಲದ ಗ್ಯಾಸ್ ಶಾಕಪ್‌ಗಳೂ ಇವೆ. ಅದನ್ನು ತೂತು ಮಾಡುವುದು, ಕಾಯಿಸುವುದು, ವೆಲ್ಡ್ ಮಾಡುವುದು, ಗುಜರಿಗೆ ಹಾಕುವ ಮುಂಚೆ "ಒಳಗೇನಿದೆ ನೋಡೋಣ" ಅಂತ ಕೊಯ್ಯುವುದು, ಯಾವುದೂ ಬೇಡ.

"ಶಾಕಪ್ ಮೇಲೆ ಎಣ್ಣೆ ಜಿಡ್ಡು ಕಾಣುತ್ತಿದೆ"

ಮೊದಲು ನೆನಪಿಸಿಕೊಳ್ಳಿ, ಮೊನ್ನೆ ಮೊನ್ನೆ ವಾಟರ್ ಸರ್ವೀಸ್ ಮಾಡಿಸಿದ್ದಿರಾ? ತೊಳೆದ ಮೇಲೆ ಹೊಳಪು ಬರಲಿ ಅಂತ ಡೀಸೆಲ್ ಹೊಡೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಅದು ಸ್ಪ್ರಿಂಗಿನ ಸುರುಳಿಯೊಳಗೆ ಕೂತು ಒಂದು ವಾರ ನಿಧಾನವಾಗಿ ಇಳಿಯುತ್ತದೆ. ಚೈನಿಗೆ ಎಣ್ಣೆ ಹಾಕಿದ್ದು ಯಾವಾಗ, ಎಷ್ಟು? ನಮ್ಮ ಹೆಚ್ಚಿನ ಬೈಕುಗಳಲ್ಲಿ ಚೈನ್ ಎಡಗಡೆ ಇರುತ್ತದೆ. ಜಿಡ್ಡು ಎಡಗಡೆ ಮಾತ್ರ ಇದ್ದು, ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ಚಕ್ರದ ರಿಮ್ ಮೇಲೂ ಕಪ್ಪು ಚುಕ್ಕೆಗಳಿದ್ದರೆ ಮೊದಲ ಅನುಮಾನ ಚೈನಿನ ಮೇಲೆ.

ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿ. ಚೈನ್ ಎಣ್ಣೆ ದಪ್ಪಗೆ ಅಂಟಂಟಾಗಿ ಕಪ್ಪಗಿರುತ್ತದೆ. ಶಾಕಪ್ ಎಣ್ಣೆ ತೆಳು, ಬೆರಳ ಮೇಲೆ ಬೇಗ ಹರಡುತ್ತದೆ. ಹಳೆಯದಾಗಿದ್ದರೆ ಬೂದು ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ ಬರುತ್ತದೆ. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಬ್ರೇಕ್ ಆಯಿಲ್ ಕೂಡ ಆಗಿರಬಹುದು. ಒಂದು ತೊಟ್ಟು ನೀರಿಗೆ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ, ಉಳಿದ ಎಣ್ಣೆಗಳು ತೇಲುತ್ತವೆ. ಕರಗಿದರೆ ಶಾಕಪ್ ವಿಷಯ ಅಲ್ಲೇ ಬಿಡಿ. ಬ್ರೇಕ್ ಸರಿಯಾಗುವವರೆಗೆ ಬೈಕ್ ಹತ್ತಬೇಡಿ.

ಈಗ ಅಸಲಿ ಪರೀಕ್ಷೆ. ಎರಡೂ ಶಾಕಪ್‌ಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರು, ಹಳೆಯ ಟೂತ್ ಬ್ರಷ್ ಹಾಕಿ ಉಜ್ಜಿ ಒಣಗಿಸಿ. ಪೆಟ್ರೋಲ್ ಬೇಡ, ರಬ್ಬರಿಗೂ ಒಳ್ಳೆಯದಲ್ಲ, ಬೆಂಕಿಯ ಭಯ ಬೇರೆ. ಚೆನ್ನಾಗಿ ಒಣಗಿದ ಮೇಲೆ ಡ್ಯಾಂಪರ್ ಸುತ್ತ ಟಾಲ್ಕಂ ಪೌಡರ್ ಉದುರಿಸಿ. ತಮಾಷೆಯಲ್ಲ, ಮನೆಯಲ್ಲಿ ಸಿಗುವ ಇದಕ್ಕಿಂತ ಒಳ್ಳೆಯ ಪತ್ತೇದಾರಿ ನನಗೆ ಗೊತ್ತಿಲ್ಲ. ಮಳೆ ಇಲ್ಲದ ದಿನ 20–30 ಕಿಲೋಮೀಟರ್ ಓಡಿಸಿ ಬನ್ನಿ. ದಾರಿಯಲ್ಲಿ ನಾಲ್ಕು ಹಂಪ್ ಸಿಕ್ಕರೆ ಒಳ್ಳೆಯದೇ. ನಮ್ಮ ರಸ್ತೆಯಲ್ಲಿ ಹಂಪ್‌ಗೆ ಬರ ಇಲ್ಲವಲ್ಲ.

ವಾಪಸ್ ಬಂದು ಟಾರ್ಚ್ ಬಿಟ್ಟು ನೋಡಿ. ಎಷ್ಟು ಒದ್ದೆ ಅನ್ನುವುದಕ್ಕಿಂತ ಒದ್ದೆ ಎಲ್ಲಿಂದ ಶುರುವಾಗಿದೆ ಅನ್ನುವುದು ಮುಖ್ಯ. ರಾಡ್ ಕೊಳವೆಯೊಳಗೆ ಹೋಗುವ ಬಾಯಲ್ಲಿ ಆಯಿಲ್ ಸೀಲ್ ಇರುತ್ತದೆ. ನಿಜವಾದ ಸೋರಿಕೆ ಶುರುವಾಗುವುದು ಅಲ್ಲಿಂದ. ಅಲ್ಲಿ ಪೌಡರ್ ನೆನೆದು, ಅಲ್ಲಿಂದ ಕೆಳಕ್ಕೆ ಗೆರೆ ಎಳೆದಂತೆ ಇಳಿದಿದ್ದರೆ ಸೀಲ್ ಹೋಗಿದೆ. ಸೀಲ್ ಸುತ್ತ ಪೌಡರ್ ಬೆಳ್ಳಗೇ ಇದ್ದು ಕೆಳಗೆ ಮಾತ್ರ ಚುಕ್ಕೆಗಳಿದ್ದರೆ ಎಣ್ಣೆ ಹೊರಗಿನಿಂದ ಬಂದಿದೆ. ಕೆಲವು ಬೈಕಿನಲ್ಲಿ ಕೊಳವೆ ಮೇಲೆ, ರಾಡ್ ಕೆಳಗೆ ಇರುತ್ತದೆ. ಆಗ ಸೀಲ್ ಜಾಗ ಬದಲಾಗುತ್ತದೆ, ಎಣ್ಣೆ ರಾಡ್ ಮೇಲೇ ಇಳಿಯುತ್ತದೆ.

ರಾಡ್ ಮೇಲೆ ಬೆರಳಿಗೆ ಹತ್ತಿಯೂ ಹತ್ತದಷ್ಟು ತೆಳುವಾದ ಪದರ ಇದ್ದರೆ ಗಾಬರಿ ಬೇಡ. ಸೀಲ್ ಒಣಗದಿರಲು ಅಷ್ಟು ಬೇಕು. ಟಿಶ್ಯೂ ಒತ್ತಿದಾಗ ಒದ್ದೆ ಗುರುತು ಬಿದ್ದರೆ, ಒರೆಸಿದ ಮರುದಿನವೇ ಮತ್ತೆ ಬಂದರೆ ಅದು ಸೋರಿಕೆ. ಅನುಮಾನ ಇದ್ದರೆ ಫೋನಿನಲ್ಲಿ ಫೋಟೋ ತೆಗೆದಿಟ್ಟು ವಾರ ಬಿಟ್ಟು ಇನ್ನೊಮ್ಮೆ ತೆಗೆಯಿರಿ.

ಸೀಲ್ ಯಾಕೆ ಹೋಗುತ್ತದೆ? ಮಲೆನಾಡು, ಕರಾವಳಿ ಕಡೆಯವರಿಗೆ ಹೇಳಬೇಕಿಲ್ಲ. ಕೆಂಪು ಮಣ್ಣಿನ ರಾಡಿ ರಾಡ್ ಮೇಲೆ ಒಣಗುತ್ತದೆ. ಬೆಳಿಗ್ಗೆ ಬೈಕ್ ಹತ್ತಿದರೆ ಆ ಒಣ ಮಣ್ಣು ಮರಳು ಕಾಗದದಂತೆ ಸೀಲಿನ ಅಂಚನ್ನು ಉಜ್ಜುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನ ರಾಡ್‌ಗೆ ತುಕ್ಕು ಹಿಡಿದು ಸಣ್ಣ ಗುಳಿಗಳಾಗುತ್ತವೆ. ಪ್ರೆಶರ್ ವಾಷರ್‌ನ ನೀರು ನೇರವಾಗಿ ಸೀಲಿಗೆ ಹೊಡೆದರೆ ನೀರು, ಮಣ್ಣು ಎರಡೂ ಒಳಗೆ. ಬೈಕ್ ತಣ್ಣಗಿರುವಾಗ ರಾಡ್ ಕಾಣುವ ಕಡೆ ಉಗುರು ಆಡಿಸಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ರಾಡ್ ಮೇಲೆ ಗುಳಿ ಅಥವಾ ಗೀರು ಇದೆ. ಅಂಥ ರಾಡ್‌ಗೆ ಹೊಸ ಸೀಲ್ ಹಾಕಿಸಿದರೂ ಬಾಳುವುದಿಲ್ಲ.

"ಹಂಪ್ ದಾಟಿದ ಮೇಲೆ ಹಿಂಭಾಗ ಕುಣಿಯುತ್ತದೆ"

ಡ್ಯಾಂಪರ್ ಸೋತಿದೆ ಅನ್ನುವುದಕ್ಕೆ ಇದಕ್ಕಿಂತ ನೇರ ಲಕ್ಷಣ ಇಲ್ಲ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ನೆಟ್ಟಗೆ ಹಿಡಿಯಿರಿ. ಹ್ಯಾಂಡಲ್ ಹಿಡಿಯಲು ಇನ್ನೊಬ್ಬರಿದ್ದರೆ ಸುಲಭ. ಮುಂದಿನ ಬ್ರೇಕ್ ಹಿಡಿಯಬಹುದು, ಹಿಂದಿನದು ಬೇಡ. ಸೀಟಿನ ಹಿಂತುದಿಯನ್ನು ಜೋರಾಗಿ ಒತ್ತಿ ಬಿಡಿ. ಆರೋಗ್ಯವಾಗಿರುವ ಶಾಕಪ್ ಒಮ್ಮೆ ಮೇಲೆ ಬಂದು ನಿಲ್ಲುತ್ತದೆ. ಮೇಲೆ ಕೆಳಗೆ ಎರಡು ಮೂರು ಸಲ ಆಡಿದರೆ ಒಳಗೆ ತಡೆ ಇಲ್ಲ.

ಇದರಲ್ಲಿ ಒಂದು ಕೊರತೆ ಇದೆ. ಎರಡು ಶಾಕಪ್ ಇರುವ ಬೈಕಿನಲ್ಲಿ ಒಂದು ಸತ್ತರೂ ಇನ್ನೊಂದು ಅದರ ಮಾನ ಕಾಯುತ್ತದೆ. ಒತ್ತಿ ನೋಡಿದರೆ ಎಲ್ಲ ಸರಿ ಅನ್ನಿಸಬಹುದು. ಆಗ ಶಾಖದ ಪರೀಕ್ಷೆ ಮಾಡಿ. ಹಾಳು ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದ ತಕ್ಷಣ ಎರಡೂ ಡ್ಯಾಂಪರ್‌ಗಳ ಹೊರಮೈ ಮುಟ್ಟಿ. ಸೈಲೆನ್ಸರ್ ಕಾದಿರುತ್ತದೆ, ಹುಷಾರು. ಡ್ಯಾಂಪರ್ ಕುಣಿತವನ್ನು ಶಾಖವಾಗಿ ಬದಲಿಸಿಯೇ ತಡೆಯುವುದು. ಕೆಲಸ ಮಾಡುವ ಶಾಕಪ್ ಬೆಚ್ಚಗಾಗಿರುತ್ತದೆ. ಮೈಗಳ್ಳ ಶಾಕಪ್ ತಣ್ಣಗಿರುತ್ತದೆ. ಆದರೆ ಸೈಲೆನ್ಸರ್ ಕಡೆಯದಕ್ಕೆ ಅದರ ಬಿಸಿಯೂ ತಗಲುವುದರಿಂದ ಸಣ್ಣ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ.

ಬೆಳಿಗ್ಗೆ ಸರಿಯಾಗಿದ್ದು, ಚಾರ್ಮಾಡಿಯೋ ಶಿರಾಡಿಯೋ ಇಳಿಯುವಷ್ಟರಲ್ಲಿ ಕುಣಿಯಲು ಶುರುವಾದರೆ? ಎಣ್ಣೆ ಬಿಸಿಯಾದಾಗ ತೆಳುವಾಗುತ್ತದೆ. ಮೊದಲೇ ಎಣ್ಣೆ ಕಡಿಮೆ ಇದ್ದರೆ ಗಾಳಿ ಬೆರೆತು ನೊರೆಯೂ ಏಳುತ್ತದೆ. ಪಿಸ್ಟನ್‌ಗೆ ನೊರೆಯಲ್ಲಿ ಹಿಡಿತ ಸಿಗುವುದಿಲ್ಲ. ಗ್ಯಾಸ್ ಶಾಕಪ್‌ನಲ್ಲಿ ನೈಟ್ರೋಜನ್ ಇರುವುದೇ ಈ ನೊರೆ ತಡೆಯಲು. ಗ್ಯಾಸ್ ಮಾತ್ರ ಹೋಗಿದ್ದರೆ ಹೊರಗೆ ಒಂದು ತೊಟ್ಟು ಎಣ್ಣೆಯೂ ಕಾಣುವುದಿಲ್ಲ. ಒಣಗಿದ ಶಾಕಪ್ ನಂಬಬೇಡಿ ಅಂದಿದ್ದು ಇದಕ್ಕೇ.

ಹಿಂದಿನ ಟೈರ್ ಮೇಲೂ ಅಂಗೈ ಆಡಿಸಿ. ಅಲೆ ಅಲೆಯಾಗಿ, ತಗ್ಗು ದಿಣ್ಣೆಯಾಗಿ ಸವೆದಿದ್ದರೆ ಚಕ್ರ ಬಹಳ ದಿನದಿಂದ ನೆಲದ ಮೇಲೆ ಪುಟಿಯುತ್ತಿರಬಹುದು.

"ಸೊಂಟ ಮುರಿಯುವಷ್ಟು ಗಡುಸು" ಅಥವಾ "ಗುಂಡಿಗೆ ಬಿದ್ದರೆ ಧಡ್ ಅನ್ನುತ್ತದೆ"

ಗಡುಸಿಗೆ ಸೋರಿಕೆ ಅಪರೂಪದ ಕಾರಣ. ಮೊದಲು ಟೈರಿನ ಗಾಳಿ ನೋಡಿ, ಟೈರ್ ತಣ್ಣಗಿರುವಾಗ. ಎಷ್ಟಿರಬೇಕು ಅಂತ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಒಬ್ಬರಿಗೆ ಒಂದು ಅಂಕಿ, ಇಬ್ಬರಿಗೆ ಇನ್ನೊಂದು. ಬಂಕಿನ ಹುಡುಗ "ನಲವತ್ತು ಹಾಕ್ಲಾ?" ಅಂದಾಗ ತಲೆ ಆಡಿಸಿಬಿಟ್ಟಿದ್ದರೆ ಶಾಕಪ್ ತಪ್ಪೇನು ಬಂತು?

ಆಮೇಲೆ ಸ್ಪ್ರಿಂಗಿನ ಬುಡದ ಮೆಟ್ಟಿಲು ಮೆಟ್ಟಿಲಾದ ರಿಂಗ್. ಮೆಟ್ಟಿಲು ಏರಿಸಿದಷ್ಟೂ ಸ್ಪ್ರಿಂಗ್ ಬಿಗಿ. ಸಾಮಾನ್ಯವಾಗಿ ಐದು ಮೆಟ್ಟಿಲು ಇರುತ್ತವೆ. ಅದನ್ನು ತಿರುಗಿಸುವ ಸಿ ಆಕಾರದ ಸ್ಪ್ಯಾನರ್ ಎಷ್ಟೋ ಬೈಕಿನ ಟೂಲ್ ಕಿಟ್‌ನಲ್ಲೇ ಸಿಗುತ್ತದೆ. ತುಂಬಿದ ಗ್ಯಾಸ್ ಸಿಲಿಂಡರ್ ಅಂದರೆ ಹತ್ತಿರ ಹತ್ತಿರ 30 ಕಿಲೋ. ಅದನ್ನು ತರಲು ಐದಕ್ಕೆ ಏರಿಸಿ, ಇಳಿಸುವುದು ಮರೆತವರನ್ನು ನೋಡಿದ್ದೇನೆ. ಕನ್ನಡಿಯಲ್ಲೂ ಒಬ್ಬರನ್ನು ನೋಡಿದ್ದೇನೆ.

ಧಡ್ ಅನ್ನುವುದು ಶಾಕಪ್ ಪೂರ್ತಿ ಒತ್ತಿಕೊಂಡು ಒಳಗಿನ ರಬ್ಬರ್ ದಿಂಬಿಗೆ ತಗಲುವ ಸದ್ದು. ಭಾರ ಜಾಸ್ತಿಯಾದಾಗ ಮಾತ್ರ ಹೀಗಾದರೆ ರಿಂಗನ್ನು ಒಂದು ಮೆಟ್ಟಿಲು ಏರಿಸಿ. ಒಬ್ಬರೇ ಹೋಗುವಾಗಲೂ ಆದರೆ ಡ್ಯಾಂಪರ್ ಮೇಲೆ ಅನುಮಾನ ಬರಬೇಕು. ಒಂದು ತಪ್ಪು ಬೇಡ. ಸೋರುವ ಶಾಕಪ್‌ಗೆ ಔಷಧಿಯಂತೆ ಸ್ಪ್ರಿಂಗ್ ಬಿಗಿ ಮಾಡುವವರಿದ್ದಾರೆ. ಒತ್ತಿಟ್ಟ ಸ್ಪ್ರಿಂಗ್ ಇನ್ನೂ ಜೋರಾಗಿ ಪುಟಿಯುತ್ತದೆ, ಕುಣಿತ ಹೆಚ್ಚುತ್ತದೆ ಅಷ್ಟೇ.

"ಹಿಂದೆ ಸದ್ದು ಬರುತ್ತಿದೆ"

ಸದ್ದು ಯಾವ ತರಹದ್ದು? ಒತ್ತಿದಾಗ ಪಿಚಕ್ ಪಿಚಕ್ ಅಂದರೆ ಡ್ಯಾಂಪರ್ ಒಳಗೆ ಎಣ್ಣೆಯ ಜೊತೆ ಗಾಳಿ ಸೇರಿದೆ. ಸೋರಿಕೆಯೂ ಕಂಡಿದ್ದರೆ ತೀರ್ಪು ಬಂದಂತೆಯೇ. ಸಣ್ಣ ಗುಂಡಿಗಳಲ್ಲಿ ಕಟ್ ಕಟ್ ಅಂದರೆ ಶಾಕಪ್‌ನ ಮೇಲಿನ ಅಥವಾ ಕೆಳಗಿನ ಕಣ್ಣಿನ (ಬೋಲ್ಟ್ ತೂರುವ ಬಳೆಯ) ಒಳಗಿನ ಬುಷ್ ಸವೆದಿರುತ್ತದೆ. ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೆಳಗಿನಿಂದ ಎತ್ತಿ ಬಿಡಿ. ಎತ್ತುವ ಮೊದಲ ಕ್ಷಣದಲ್ಲಿ ಟಕ್ ಅಂದರೆ ಬುಷ್, ಇಲ್ಲವೇ ನಟ್ ಸಡಿಲ. ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಆಟ ಇದ್ದರೆ ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ನೋಡಬೇಕು. ಬುಷ್ ಅಗ್ಗದ ಸಾಮಾನು. ಅದಕ್ಕಾಗಿ ಪೂರ್ತಿ ಶಾಕಪ್ ಬದಲಿಸಬೇಡಿ.

ಇದಕ್ಕೂ ಮುಂಚೆ ಸೀಟ್ ತೆಗೆದು ಟೂಲ್ ಕಿಟ್ ನೋಡಿ. ನಾನು ಎರಡು ದಿನ ಹುಡುಕಿದ ಸದ್ದು ಅದರೊಳಗಿನ ಪ್ಲಗ್ ಸ್ಪ್ಯಾನರ್ ಆಗಿತ್ತು.

"ಒಂದು ಕಡೆ ವಾಲುತ್ತದೆ, ತಿರುವಿನಲ್ಲಿ ತೂಗಾಡುತ್ತದೆ"

ಎಡ ಬಲ ರಿಂಗ್‌ಗಳು ಒಂದೇ ಮೆಟ್ಟಿಲಲ್ಲಿ ಇವೆಯಾ? ಯಾರಾದರೂ ಒಂದೇ ಶಾಕಪ್ ಬದಲಿಸಿ ಹೊಸದು ಒಂದು, ಹಳೆಯದು ಒಂದು ಮಾಡಿದ್ದಾರಾ? ಚೈನ್ ಬಿಗಿ ಮಾಡುವಾಗ ಎರಡೂ ಬದಿಯ ಗುರುತುಗಳು ಸಮ ಇವೆಯಾ? ಇಷ್ಟೂ ಸರಿ ಇದ್ದು, ಬೈಕ್ ಬಿದ್ದ ಇತಿಹಾಸ ಇದ್ದರೆ ಹಿಂದಿನಿಂದ ನೇರವಾಗಿ ಕೂತು ನೋಡಿ. ರಾಡ್ ಬಾಗಿದ್ದರೆ ಸ್ಪ್ರಿಂಗ್ ಒಂದು ಪಕ್ಕಕ್ಕೆ ಉಬ್ಬಿದಂತೆ ಕಾಣುತ್ತದೆ. ಬಾಗಿದ ರಾಡನ್ನು ನೆಟ್ಟಗೆ ಮಾಡಿಸುವ ಮಾತು ಯಾರು ಆಡಿದರೂ ಒಪ್ಪಬೇಡಿ.

ಇಲ್ಲಿಗೆ ನಿಲ್ಲಿಸಿ

ಎಣ್ಣೆ ಟೈರಿಗೆ ಅಥವಾ ಬ್ರೇಕಿಗೆ ತಲುಪಿದ್ದರೆ ಪರೀಕ್ಷೆ ಸಾಕು, ಬೈಕ್ ಹೊರಗೆ ತೆಗೆಯಬೇಡಿ. ಟೈರನ್ನು ಸೋಪಿನ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬಹುದು. ಆದರೆ ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಅಥವಾ ಲೈನರ್ ಬದಲಿಸಲೇಬೇಕು. ಅದನ್ನು ಒಲೆಯ ಮೇಲೆ ಸುಟ್ಟು ಮತ್ತೆ ಹಾಕುವ ಹಳೆಯ ಉಪಾಯ ನೆಚ್ಚಿಕೊಳ್ಳುವಂಥದ್ದಲ್ಲ.

ಎಣ್ಣೆ ತೊಟ್ಟಿಕ್ಕುತ್ತಿದ್ದರೆ, ಶಾಕಪ್‌ನ ಕಣ್ಣು ಬಿರುಕು ಬಿಟ್ಟಿದ್ದರೆ, ಚಾಸಿಸ್‌ನ ಮೇಲೆ ಶಾಕಪ್ ಕೂರುವ ಬೋಲ್ಟ್ ಕಂಬ ಅಲ್ಲಾಡಿದರೆ, ಬೈಕನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ. ಟೈರ್, ಬ್ರೇಕ್ ಒಣಗಿದ್ದು ಬರೀ ಒಸರುತ್ತಿದ್ದರೆ ಒಬ್ಬರೇ, ನಿಧಾನವಾಗಿ, ಮಳೆ ಇಲ್ಲದಾಗ ಮೆಕ್ಯಾನಿಕ್ ತನಕ ಓಡಿಸಬಹುದು.

ಒಂದೇ ಶಾಕಪ್ ಇರುವ ಬೈಕಿನವರು, ಅಂದರೆ 2004ರಲ್ಲಿ ಬಂದ ಯೂನಿಕಾರ್ನ್‌ನಿಂದ ಇವತ್ತಿನ ಸ್ಪೋರ್ಟ್ಸ್ ಬೈಕ್‌ಗಳ ತನಕ, ಇನ್ನೂ ಸ್ವಲ್ಪ ಹೆದರಬೇಕು. ಮಾನ ಕಾಯಲು ಎರಡನೆಯದು ಇಲ್ಲ. ಶಾಕಪ್ ಚಕ್ರದ ಮುಂದೆಯೇ ಕೂತಿರುವುದರಿಂದ ಎಣ್ಣೆ ಟೈರಿಗೆ ಬೀಳುವ ಸಾಧ್ಯತೆಯೂ ಹೆಚ್ಚು. ಅದನ್ನು ಬಿಚ್ಚಿದರೆ ಬೈಕಿನ ಹಿಂಭಾಗ ಹೊರುವವರೇ ಇಲ್ಲ. ಸರಿಯಾದ ಆಸರೆ ಇಲ್ಲದೆ ಮನೆಯಲ್ಲಿ ಕೈ ಹಾಕಬೇಡಿ.

ಬಿಚ್ಚಿ ನೋಡಬೇಕು ಅಂದರೆ

ಇದು ಎರಡು ಶಾಕಪ್ ಬೈಕಿಗೆ ಮಾತ್ರ. ವಾರಂಟಿ ಇದ್ದರೆ ಇದನ್ನೂ ಮಾಡಬೇಡಿ. ಮೇನ್ ಸ್ಟ್ಯಾಂಡ್ ಹಾಕಿ, ಒಂದು ಸಲಕ್ಕೆ ಒಂದನ್ನೇ ತೆಗೆಯಿರಿ. ಇನ್ನೊಂದು ಚಕ್ರವನ್ನು ಅದೇ ಎತ್ತರದಲ್ಲಿ ಹಿಡಿದಿರುವುದರಿಂದ ವಾಪಸ್ ಹಾಕುವಾಗ ಬೋಲ್ಟ್ ಕೂಡಿಸಲು ಒದ್ದಾಡಬೇಕಿಲ್ಲ. ಎರಡೂ ಒಟ್ಟಿಗೆ ತೆಗೆದರೆ ಸ್ವಿಂಗ್ ಆರ್ಮ್ ಜೋತುಬಿದ್ದು ಸಂಜೆ ತನಕ ಬೆವರು. ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಅಂತ ಫೋಟೋ ಇರಲಿ.

ತೆಗೆದ ಶಾಕಪ್‌ನ ಕೆಳಗಣ್ಣನ್ನು ಮರದ ತುಂಡಿನ ಮೇಲಿಟ್ಟು, ಮೇಲಿನಿಂದ ಎರಡೂ ಕೈಯಲ್ಲಿ ಮೈಭಾರ ಬಿಟ್ಟು ಒತ್ತಿ. ಮುಖ ಪಕ್ಕಕ್ಕಿರಲಿ. ಕೈ ಸಡಿಲಿಸಿದಾಗ ನಿಧಾನವಾಗಿ, ತಡೆದು ತಡೆದು ಏರಿದರೆ ಜೀವ ಇದೆ. ಟಪ್ ಅಂತ ಹಾರಿದರೆ, ಅಥವಾ ಶುರುವಿನ ಸ್ವಲ್ಪ ದೂರ ಏನೂ ತಡೆ ಇಲ್ಲದಿದ್ದರೆ ಕಥೆ ಮುಗಿದಿದೆ. ಇನ್ನೊಂದನ್ನೂ ಹೀಗೇ ನೋಡಿ ಹೋಲಿಸಿ. ಸ್ಪ್ರಿಂಗ್ ಕಳಚಲು ಮಾತ್ರ ಹೋಗಬೇಡಿ. ಅದು ಒತ್ತಿಟ್ಟ ಸ್ಪ್ರಿಂಗ್. ಸ್ಪ್ರಿಂಗ್ ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಹಲ್ಲಿಗೋ ಕಣ್ಣಿಗೋ ಬಂದು ಹೊಡೆಯುತ್ತದೆ.

ಎಣ್ಣೆ ತುಂಬಿಸುವುದಾ, ಹೊಸದಾ?

ದಿನಬಳಕೆಯ ಬೈಕುಗಳಿಗೆ ಬರುವ ಹೆಚ್ಚಿನ ಶಾಕಪ್‌ಗಳನ್ನು ಬಿಚ್ಚಲಿಕ್ಕೆ ಅಂತ ಮಾಡಿಲ್ಲ. ಬಾಯಿ ಮಡಚಿ ಮುಚ್ಚಿಬಿಟ್ಟಿರುತ್ತಾರೆ. ಅದನ್ನು ಕೊಯ್ದು, ಎಣ್ಣೆ ತುಂಬಿ, ವೆಲ್ಡ್ ಮಾಡಿ ಕೊಡುವವರು ಸಿಗುತ್ತಾರೆ. ಅಗ್ಗವೂ ಹೌದು. ಆದರೆ ಸೀಲ್, ರಾಡ್ ಹಳೆಯವೇ ಆದರೆ ಸೋರಿದ ದಾರಿಯಲ್ಲೇ ಮತ್ತೆ ಸೋರುತ್ತದೆ. ತೆಳು ಎಣ್ಣೆಯ ಬದಲು ಎಂಜಿನ್ ಆಯಿಲ್ ಸುರಿದರೆ ಶಾಕಪ್ ಮರದ ಕೊರಡು. ಬಿಚ್ಚಿ ಕಟ್ಟಲು ಬರುವ ದುಬಾರಿ ಶಾಕಪ್ ಆಗಿದ್ದರೆ ವಿಷಯ ಬೇರೆ, ಗೊತ್ತಿರುವವರ ಕೈಯಲ್ಲಿ ಸೀಲ್ ಬದಲಿಸಿ, ಗ್ಯಾಸ್ ತುಂಬಿಸಿ ಮಾಡಿಸಬಹುದು.

ಹೊಸದು ಕೊಳ್ಳುವುದಾದರೆ ಜೋಡಿಯಾಗಿಯೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರೋಡ್‌ನಂಥ ಕಡೆ ಹತ್ತು ಬೆಲೆಯ ಹತ್ತು ತರಹ ತೋರಿಸುತ್ತಾರೆ. ನಿಮ್ಮ ಮಾಡೆಲ್‌ನ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ಕಣ್ಣಿಂದ ಕಣ್ಣಿಗೆ ಉದ್ದ ಹಳೆಯದಕ್ಕೆ ಸಮ ಇದೆಯಾ ಅಂತ ಅಲ್ಲೇ ಅಳೆಯಿರಿ.

ಗ್ಯಾಸ್ ಇಲ್ಲದ ಹೊಸ ಶಾಕಪ್ ಅಂಗಡಿಯಲ್ಲಿ ಮಲಗಿಯೇ ಇದ್ದರೆ ಒಳಗೆ ಗಾಳಿ ಜಾಗ ಬದಲಿಸಿರುತ್ತದೆ. ಮೊದಲ ಒತ್ತಿಗೆ ಪೊಳ್ಳು ಅನ್ನಿಸುತ್ತದೆ. ಹೊಸದೇ ಕೆಟ್ಟಿದೆ ಅಂತ ಜಗಳಕ್ಕೆ ಹೋಗಬೇಡಿ. ಬೈಕಿನಲ್ಲಿ ಯಾವ ಕಡೆ ಮೇಲಿರುತ್ತದೋ ಹಾಗೇ ನೆಟ್ಟಗೆ ನಿಲ್ಲಿಸಿ, ಏಳೆಂಟು ಸಲ ನಿಧಾನವಾಗಿ ಒತ್ತಿ ಬಿಡಿ. ತಡೆ ಬರುತ್ತದೆ. ಆಮೇಲೆ ಹಾಕಿ. ಎರಡೂ ರಿಂಗ್ ಒಂದೇ ಮೆಟ್ಟಿಲಲ್ಲಿರಲಿ. ನಟ್‌ಗಳನ್ನು ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ನಾಲ್ಕೂ ನಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಇಟ್ಟು ನೋಡಿ.